ಬೆಟ್ಟಕ್ಕೂ ನೀರಿಗೂ ನಡುವಿನ ತುಂಡು ನೆಲ

ನಾರ್ವೆಯ ಪಶ್ಚಿಮ ಕರಾವಳಿಯಿಂದ ಸಮುದ್ರದ ತೋಳೊಂದು ಇನ್ನೂರು ಕಿಲೋಮೀಟರಿಗೂ ಹೆಚ್ಚು ಒಳನಾಡಿಗೆ ಚಾಚಿಕೊಂಡಿದೆ. ಅಲ್ಲಿ ಇಂಥ ತೋಳನ್ನು ಫಿಯೋರ್ಡ್ ಎನ್ನುತ್ತಾರೆ; ಇದರ ಹೆಸರು ಸೋಗ್ನೆಫಿಯೋರ್ಡ್. ಅದರ ಒಂದು ಕವಲು ಔರ್ಲಾಂಡ್ಸ್‌ಫಿಯೋರ್ಡ್; ಆ ಕವಲಿನಿಂದ ಮತ್ತೆ ಒಡೆದದ್ದು ನೇರೋಯ್‌ಫಿಯೋರ್ಡ್. ಈ ಎರಡು ಕವಲುಗಳ ದಡದಲ್ಲಿ ಔರ್ಲಾಂಡ್ಸ್‌ವಾಂಗೆನ್, ಫ್ಲೋಮ್, ಉಂಡ್ರೆದಾಲ್, ಗುಡ್‌ವಾಂಗೆನ್ ಎಂಬ ಸಣ್ಣ ಊರುಗಳಿವೆ. ಇವೆಲ್ಲ ಒಂದೇ ಸ್ಥಳೀಯ ಆಡಳಿತಕ್ಕೆ ಸೇರಿದವು. ಅದಕ್ಕೆ ಔರ್ಲಾಂಡ್ ಎನ್ನುತ್ತಾರೆ. ವಿಸ್ತೀರ್ಣ ಸುಮಾರು 1,470 ಚದರ ಕಿಲೋಮೀಟರ್, ಜನ ಸುಮಾರು 1,800.

ಈ ಊರುಗಳ ಚಿತ್ರವನ್ನು ನಾವೆಲ್ಲ ನೋಡಿದ್ದೇವೆ. ಕ್ಯಾಲೆಂಡರಿನಲ್ಲಿ, ಪ್ರವಾಸ ಕಂಪನಿಗಳ ಜಾಹೀರಾತಿನಲ್ಲಿ ಇರುವುದು ಅದೇ ಹಸಿರು ದಡ, ಕೆಂಪು ಮರದ ಮನೆ, ಹಿಂದೆ ಗೋಡೆಯಂತೆ ಎದ್ದ ಬೆಟ್ಟ, ಅದರ ನೆತ್ತಿಯಿಂದ ಇಳಿವ ಜಲಪಾತ. ನೋಡಿದ ಮೇಲೆ ಸಹಜವಾಗಿ ಏಳಬೇಕಾದ ಪ್ರಶ್ನೆ ಒಂದಿದೆ: ಇಲ್ಲಿ ಜನ ಏನು ತಿಂದು, ಏನು ಮಾರಿ ಬದುಕುತ್ತಾರೆ? ಉಳುವ ನೆಲ ಬೊಗಸೆಯಷ್ಟು, ಚಳಿಗಾಲ ದೀರ್ಘ, ದೊಡ್ಡ ಪೇಟೆ ದೂರ. ಇಂಥ ಜಾಗ ನೂರು ವರ್ಷಗಳ ಹಿಂದೆಯೇ ಖಾಲಿಯಾಗಬೇಕಿತ್ತು. ಖಾಲಿಯಾಗಲಿಲ್ಲ. ಸೌಂದರ್ಯವೇ ಊರನ್ನು ಸಾಕುತ್ತಿದೆ ಎಂದು ಪ್ರವಾಸೋದ್ಯಮದವರು ಹೇಳುತ್ತಾರೆ. ನನಗೆ ಆ ಮಾತು ಸಾಲದು ಎನಿಸುತ್ತದೆ. ಈ ಊರುಗಳು ಉಳಿದದ್ದರ ಹಿಂದೆ ಕಾನೂನುಗಳಿವೆ. ನೆಲ ಯಾರದು, ಬೀಳುವ ನೀರು ಯಾರದು, ಅದರಿಂದ ಬಂದ ಹಣದಲ್ಲಿ ಊರಿನ ಪಾಲು ಎಷ್ಟು ಎಂಬುದನ್ನು ಆ ದೇಶ ಬೇಗನೆ, ಗಟ್ಟಿಯಾಗಿ ಬರೆದಿಟ್ಟುಕೊಂಡಿತು.

ಮಂಜು ಕೊರೆದ ನೆಲ

ಮೊದಲು ನೆಲದ ಕಥೆ. ಇಪ್ಪತ್ತು ಲಕ್ಷಕ್ಕೂ ಹೆಚ್ಚು ವರ್ಷಗಳ ಅವಧಿಯಲ್ಲಿ ಹಿಮಯುಗಗಳು ಮತ್ತೆ ಮತ್ತೆ ಬಂದು ಹೋದವು. ಹಳೆಯ ನದೀಕಣಿವೆಗಳಲ್ಲಿ ತುಂಬಿಕೊಂಡ ಹಿಮನದಿಗಳು ತಮ್ಮ ಭಾರದಿಂದಲೇ ಕಣಿವೆಯ ತಳವನ್ನು ಕೊರೆಯುತ್ತ ಸಮುದ್ರದತ್ತ ಸರಿದವು. ಒಳನಾಡಿನಲ್ಲಿ ಮಂಜು ದಪ್ಪವಾಗಿದ್ದುದರಿಂದ ಅಲ್ಲಿ ಕೊರೆತ ಆಳವಾಯಿತು. ಸಮುದ್ರದ ಬಾಯಿಯ ಹತ್ತಿರ ಮಂಜು ಹರಡಿಕೊಂಡು ತೆಳುವಾಗಿ ಕೊರೆತ ನಿಂತಿತು. ಹಾಗಾಗಿ ಸೋಗ್ನೆಫಿಯೋರ್ಡಿನ ಒಳಭಾಗ 1,300 ಮೀಟರಿನಷ್ಟು ಆಳವಿದ್ದರೆ, ಅದು ತೆರೆದ ಸಮುದ್ರವನ್ನು ಸೇರುವಲ್ಲಿ ಅದರ ಸಣ್ಣ ಪಾಲಷ್ಟೇ ಆಳದ ಹೊಸ್ತಿಲು ಇದೆ. ದಡವೂ ಅಷ್ಟೇ ಕಡಿದು. ಸಾವಿರ ಮೀಟರ್ ಮೀರಿದ ಬೆಟ್ಟಗಳು ನೀರಿನಿಂದ ನೇರವಾಗಿ ಏಳುತ್ತವೆ. ನೇರೋಯ್‌ಫಿಯೋರ್ಡಿನ ಅತಿ ಕಿರಿದಾದ ಜಾಗದಲ್ಲಿ ಎರಡು ದಡಗಳ ನಡುವೆ ಇರುವುದು ಕೇವಲ 250 ಮೀಟರ್.

ಸುಮಾರು ಹತ್ತು ಸಾವಿರ ವರ್ಷಗಳ ಹಿಂದೆ ಮಂಜು ಕರಗಿತು. ಭಾರ ಇಳಿದ ಮೇಲೆ ನೆಲ ನಿಧಾನವಾಗಿ ಮೇಲೆದ್ದಿತು. ಹೊಳೆಗಳು ಹೊತ್ತು ತಂದು ಫಿಯೋರ್ಡನ್ನು ಸೇರುವಲ್ಲಿ ಸುರಿದಿದ್ದ ಮರಳು, ಜಲ್ಲಿಯ ಹಾಸುಗಳು ಮೆಟ್ಟಿಲುಗಳಂತೆ ನೀರಿನ ಮೇಲೆ ಬಂದು ನಿಂತವು. ಜನ ಮನೆ ಕಟ್ಟಿದ್ದು ಅಲ್ಲೇ. ನಕಾಶೆ ಹಿಡಿದು ನೋಡಿದರೆ, ಊರು ಇರುವ ಕಡೆಯಲ್ಲೆಲ್ಲ ಒಂದು ಹೊಳೆ ಬಂದು ಸೇರುವುದು ಕಾಣುತ್ತದೆ. ಹೊಳೆ ಇಲ್ಲದ ಕಡೆ ಬರೀ ಬಂಡೆ.

ಈ ಭಾಗದ ಬೆಟ್ಟಗಳ ಕೆಳಪದರದಲ್ಲಿ ಫಿಲೈಟ್ ಎಂಬ ಶಿಲೆ ಇದೆ. ಹಾಳೆ ಹಾಳೆಯಾಗಿ ಬಿಟ್ಟುಕೊಳ್ಳುವ ಮೆದು ಕಲ್ಲು ಅದು. ಅದರ ಮೇಲೆ ಕೂತಿರುವುದು ಗಟ್ಟಿ ಶಿಲೆ. ಫಿಲೈಟ್ ಸವೆದು ಆದ ಮಣ್ಣಿನಲ್ಲಿ ಒಳ್ಳೆಯ ಹುಲ್ಲು ಬೆಳೆಯುತ್ತದೆ. ಬೆಟ್ಟದ ನಡುವಿನ ಅಗಲ ಅಂಚುಗಳ ಮೇಲೆ ಹಳೆಯ ಹೊಲಮನೆಗಳು ಬೇರೂರಿದ್ದು ಆ ಹುಲ್ಲಿನ ಬಲದಿಂದ. ಅದೇ ಕಲ್ಲು ಭಯಕ್ಕೂ ಕಾರಣ. ಫ್ಲೋಮ್ ಮತ್ತು ಔರ್ಲಾಂಡ್ಸ್‌ವಾಂಗೆನ್ ನಡುವೆ ಸ್ಟಾಂಪಾ ಎಂಬ ಬೆಟ್ಟದ ಮಗ್ಗುಲು ಬಿರುಕು ಬಿಟ್ಟಿದೆ. ಅದು ವರ್ಷಕ್ಕೆ ಎಷ್ಟು ಸರಿಯಿತೆಂದು ದೇಶದ ಜಲ ಮತ್ತು ಇಂಧನ ಇಲಾಖೆ ಅಳೆಯುತ್ತಿರುತ್ತದೆ. ದೊಡ್ಡ ಬಂಡೆರಾಶಿ ಫಿಯೋರ್ಡಿಗೆ ಬಿದ್ದರೆ ಏಳುವ ಅಲೆ ಎದುರು ದಡದ ಊರನ್ನು ನುಂಗಬಲ್ಲದು. ಇದು ಬರೀ ಊಹೆಯಲ್ಲ. 1934ರಲ್ಲಿ ನಾರ್ವೆಯದೇ ಇನ್ನೊಂದು ಫಿಯೋರ್ಡಾದ ತಾಫಿಯೋರ್ಡಿನಲ್ಲಿ ಹಾಗೆಯೇ ಆಗಿ 40 ಜನ ಸತ್ತರು. ಲೋಯೆನ್ ಸರೋವರದ ದಡದ ಹಳ್ಳಿಗಳ ಮೇಲೆ 1905 ಮತ್ತು 1936ರಲ್ಲಿ ಎರಡು ಬಾರಿ ಅಲೆ ನುಗ್ಗಿ, ಒಟ್ಟು 135 ಜನರನ್ನು ಬಲಿ ತೆಗೆದುಕೊಂಡಿತು. ಹೊಸ ಮನೆಗೆ ಜಾಗ ಹುಡುಕುವಾಗ ಇಂದಿಗೂ ಮೊದಲು ಬಿಚ್ಚುವುದು ಭೂಕುಸಿತ, ಹಿಮಕುಸಿತ ಮತ್ತು ಅಲೆಯ ಅಪಾಯದ ನಕಾಶೆಗಳನ್ನೇ.

ಇನ್ನೊಂದು ವಿಚಿತ್ರವನ್ನು ಹೇಳಲೇಬೇಕು. ಕರಾವಳಿಯ ಬರ್ಗನ್ ನಗರದಲ್ಲಿ ವರ್ಷಕ್ಕೆ 2,000 ಮಿಲಿಮೀಟರಿಗೂ ಹೆಚ್ಚು ಮಳೆ. ಮೋಡಗಳು ಬೆಟ್ಟ ಹತ್ತುತ್ತ ಖಾಲಿಯಾಗುವುದರಿಂದ ಒಳಗಿನ ಲೇರ್ದಾಲ್ ಕಣಿವೆಗೆ ಸಿಗುವುದು ಅದರ ಕಾಲುಭಾಗ. ಸುತ್ತಲೂ ಜಲಪಾತಗಳ ಸದ್ದು ಕೇಳುತ್ತಿದ್ದರೂ ಅಲ್ಲಿನ ರೈತರು ಹಿಂದಿನಿಂದಲೂ ಬೆಟ್ಟದ ತೊರೆಗಳಿಂದ ಕಾಲುವೆ ತೋಡಿ ಹೊಲಕ್ಕೆ ನೀರುಣಿಸುತ್ತಿದ್ದರು. ಬಿಸಿಲಿಗೂ ಹೀಗೆಯೇ ತತ್ವಾರ. ಗುಡ್‌ವಾಂಗೆನ್‌ನಂಥ ಊರಿಗೆ ಚಳಿಗಾಲದಲ್ಲಿ ವಾರಗಟ್ಟಲೆ ಸೂರ್ಯ ಬೆಟ್ಟ ದಾಟಿ ಬರುವುದೇ ಇಲ್ಲ.

ಆಡು ಸಾಕಿದ ಹಸಿರು

ಇಂಥ ನೆಲದಲ್ಲಿ ಒಕ್ಕಲುತನ ಎಂದರೆ ದಡದಿಂದ ಶಿಖರದವರೆಗಿನ ಬದುಕು. ಒಂದೊಂದು ಮನೆಗೂ ನೀರಂಚಿನಲ್ಲಿ ದೋಣಿಮನೆ, ಅದರ ಮೇಲೆ ಚೂರು ಹೊಲ, ಇನ್ನೂ ಮೇಲೆ ಹುಲ್ಲು ಕೊಯ್ಯುವ ಇಳಿಜಾರು, ಎಲ್ಲಕ್ಕಿಂತ ಎತ್ತರದಲ್ಲಿ ಬೇಸಿಗೆಯ ಹಟ್ಟಿ. ಜೂನ್ ಹೊತ್ತಿಗೆ ದನ, ಆಡುಗಳನ್ನು ಹೊಡೆದುಕೊಂಡು ಮೇಲಿನ ಹಟ್ಟಿಗೆ ಹೋಗುವುದು. ಅಲ್ಲೇ ಕರೆದು, ಅಲ್ಲೇ ಬೆಣ್ಣೆ, ಚೀಸ್ ಮಾಡುವುದು. ಈ ಕೆಲಸ ಬಹುಮಟ್ಟಿಗೆ ಹೆಂಗಸರದೇ. ಕೆಳಗಿನ ಹುಲ್ಲನ್ನು ಕೊಯ್ದು ಒಣಗಿಸಿ ಚಳಿಗಾಲಕ್ಕೆ ಕೂಡಿಡುತ್ತಿದ್ದರು. ಕಡಿದಾದ ಅಂಚಿನಲ್ಲಿ ಕೊಯ್ದ ಹುಲ್ಲಿನ ಹೊರೆಯನ್ನು ತಂತಿಗೆ ಸಿಕ್ಕಿಸಿ ಕೆಳಕ್ಕೆ ಜಾರಿಬಿಡುತ್ತಿದ್ದರು.

ಇಷ್ಟು ದುಡಿದರೂ ಮನೆಯ ಎಲ್ಲ ಮಕ್ಕಳಿಗೆ ಅನ್ನ ಹುಟ್ಟುತ್ತಿರಲಿಲ್ಲ. 1825ರಿಂದ ಮುಂದಿನ ನೂರು ವರ್ಷಗಳಲ್ಲಿ ನಾರ್ವೆಯಿಂದ ಅಮೆರಿಕಕ್ಕೆ ವಲಸೆ ಹೋದವರು ಸುಮಾರು ಎಂಟು ಲಕ್ಷ. ಫಿಯೋರ್ಡಿನ ಊರುಗಳಿಂದಂತೂ ಹಿಂಡು ಹಿಂಡಾಗಿ ಹೋದರು. ಉಳಿದವರು ಉಳಿದದ್ದಕ್ಕೆ ಒಂದು ಪುರಾತನ ಹಕ್ಕೂ ಕಾರಣ. ಒದೆಲ್ ಎಂದು ಅದರ ಹೆಸರು. ಹೊಲಮನೆ ಮಾರಾಟಕ್ಕೆ ಬಂದರೆ ಅದನ್ನು ಪಡೆಯುವ ಮೊದಲ ಹಕ್ಕು ಮನೆತನದವರದು. ಆಸ್ತಿ ತುಂಡಾಗದೆ ಒಬ್ಬರ ಕೈಗೇ ಹೋಗಬೇಕು. ಮೊದಲು ಗಂಡುಮಕ್ಕಳಿಗೆ ಆದ್ಯತೆ ಇತ್ತು. 1974ರ ಕಾನೂನು ಹಿರಿಯ ಮಗು ಹೆಣ್ಣಾದರೂ ಅದಕ್ಕೇ ಮೊದಲ ಹಕ್ಕು ಎಂದಿತು. ಪಡೆದವರು ಆ ಜಾಗದಲ್ಲಿ ವಾಸ ಮಾಡಬೇಕು, ಹೊಲ ಬೀಳುಬಿಡಬಾರದು ಎಂಬ ಕಟ್ಟಳೆಗಳೂ ಇವೆ. ನಗರದ ಹಣವಂತರು ಇಡೀ ದಡವನ್ನು ಕೊಂಡು ಬೇಸಿಗೆಯ ಬಂಗಲೆಗಳ ಸಾಲು ಕಟ್ಟದಿರುವುದಕ್ಕೆ ಈ ಕಟ್ಟಳೆಯ ಪಾಲು ದೊಡ್ಡದು.

ಉಂಡ್ರೆದಾಲ್ ಎಂಬ ಊರನ್ನು ಹತ್ತಿರದಿಂದ ನೋಡೋಣ. ಜನ ನೂರರೊಳಗೆ, ಆಡುಗಳು ಅದರ ಎಷ್ಟೋ ಪಟ್ಟು. 1147ರಲ್ಲಿ ಕಟ್ಟಿದ್ದೆಂದು ನಂಬಲಾದ, ಸುಮಾರು ನಲವತ್ತೇ ಜನ ಕೂರಬಹುದಾದ ಮರದ ಪುಟ್ಟ ಚರ್ಚ್ ಇದೆ. ರಸ್ತೆ ಬಂದದ್ದು 1988ರಲ್ಲಿ. ಅದಕ್ಕೂ ಮೊದಲು ಹೆರಿಗೆ, ಹೆಣ, ಅಂಚೆ ಎಲ್ಲಕ್ಕೂ ದೋಣಿಯೇ ಗತಿ.

ಇಲ್ಲಿನ ಆಡಿನ ಚೀಸ್ ಹೆಸರುವಾಸಿ. ಹಸಿ ಹಾಲಿಗೆ ಹೆಪ್ಪು ಹಾಕಿ ಒಡೆಸುತ್ತಾರೆ. ಗಟ್ಟಿ ಭಾಗವನ್ನು ಹಿಂಡಿ ತೆಗೆದರೆ ಬಿಳಿ ಚೀಸ್. ಉಳಿದ ನೀರನ್ನು ಚೆಲ್ಲುವುದಿಲ್ಲ. ಅದನ್ನು ದೊಡ್ಡ ಕಡಾಯಿಗೆ ಸುರಿದು ಗಂಟೆಗಟ್ಟಲೆ ಕುದಿಸುತ್ತಾರೆ. ಖೋವಾ ಮಾಡುವಾಗಿನ ಹಾಗೆ ತಳ ಹಿಡಿಯದಂತೆ ಕೈಯಾಡಿಸುತ್ತಲೇ ಇರಬೇಕು. ಹಾಲಿನೊಳಗಿನ ಸಕ್ಕರೆ ಸುಟ್ಟು ಕಂದುಬಣ್ಣಕ್ಕೆ ತಿರುಗಿ, ಮುದ್ದೆ ಗಟ್ಟಿಯಾದ ಮೇಲೆ ಅದನ್ನು ನಾದಿ ಅಚ್ಚಿಗೆ ತುಂಬುತ್ತಾರೆ. ಸಿಹಿಯೂ ಒಗರೂ ಬೆರೆತ ಈ ಕಂದು ಚೀಸನ್ನು ತೆಳ್ಳಗೆ ಹೆರೆದು ರೊಟ್ಟಿಯ ಮೇಲಿಟ್ಟು ತಿನ್ನುತ್ತಾರೆ. ಬಡತನದ ಕಾಲದಲ್ಲಿ ಏನನ್ನೂ ವ್ಯರ್ಥ ಮಾಡಬಾರದೆಂದು ಹುಟ್ಟಿದ ತಿನಿಸು ಇದು. ಹಸಿ ಹಾಲಿನ ಚೀಸ್ ಮಾರಲು ಆಹಾರ ಸುರಕ್ಷತೆಯ ನಿಯಮಗಳು ಅಡ್ಡ ಬಂದಾಗ ಊರಿನವರು ಪಟ್ಟುಹಿಡಿದು ವಾದಿಸಿ ಹಕ್ಕನ್ನು ಉಳಿಸಿಕೊಂಡರು.

ಆಡು ಸಾಕುವುದರಿಂದ ಬರುವ ಆದಾಯ ಸರ್ಕಾರದ ಸಹಾಯಧನವಿಲ್ಲದೆ ನಿಲ್ಲುವುದಿಲ್ಲ. ಇದನ್ನು ಹಲವರು ದುಂದು ಎನ್ನುತ್ತಾರೆ. ನಾನು ಒಪ್ಪುವುದಿಲ್ಲ. ಪ್ರವಾಸಿ ಫೋಟೊ ತೆಗೆದುಕೊಳ್ಳುವ ಆ ತೆರೆದ ಹಸಿರು ಇಳಿಜಾರು ಪ್ರಕೃತಿ ತಾನಾಗಿ ಕೊಟ್ಟದ್ದಲ್ಲ. ಶತಮಾನಗಳಿಂದ ಆಡುಗಳು ಮೇದು ಕಾಪಾಡಿದ್ದು. ಮೇಯುವುದು ನಿಂತ ಕಡೆ ಕೆಲವೇ ವರ್ಷಗಳಲ್ಲಿ ಬರ್ಚ್ ಮರಗಳ ಪೊದೆ ಎದ್ದು ಹಳೆಯ ಹೊಲ, ಕಲ್ಲುಗೋಡೆ, ಹಟ್ಟಿ ಎಲ್ಲವನ್ನೂ ಮುಚ್ಚಿಹಾಕುತ್ತದೆ. ಆ ಹಸಿರಿನಿಂದ ಹಡಗಿನ ಕಂಪನಿಗೂ ಹೋಟೆಲಿಗೂ ಲಾಭವಿರುವಾಗ, ಅದನ್ನು ಕಾಯುವ ಆಡಿನ ಖರ್ಚನ್ನು ದೇಶ ಹೊರುವುದು ನ್ಯಾಯವೇ.

ಬೀಳುವ ನೀರು ಯಾರದು?

ಈ ಊರುಗಳ ಅರ್ಥವ್ಯವಸ್ಥೆಯ ತಿರುಳು ಪ್ರವಾಸಿಗೆ ಕಾಣದ ಜಾಗದಲ್ಲಿದೆ. ಅದು ಬೆಟ್ಟದ ಹೊಟ್ಟೆಯೊಳಗೆ ಇದೆ.

ಎತ್ತರದ ಬಯಲಲ್ಲಿ ಹಿಮ ಕರಗಿ ಕೆರೆಗಳು ತುಂಬುತ್ತವೆ. ಕೆಲವೇ ಕಿಲೋಮೀಟರ್ ದೂರದಲ್ಲಿ ಸಮುದ್ರಮಟ್ಟ. ಜಲವಿದ್ಯುತ್ತಿಗೆ ಇದಕ್ಕಿಂತ ಅನುಕೂಲದ ಭೂಗೋಳ ಹುಡುಕಿದರೂ ಸಿಗದು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ವಿದೇಶಿ ಬಂಡವಾಳಗಾರರು ನಾರ್ವೆಯ ಜಲಪಾತಗಳನ್ನು ರೈತರಿಂದ ಅಗ್ಗಕ್ಕೆ ಕೊಳ್ಳತೊಡಗಿದರು. 1905ರಲ್ಲಿ ಸ್ವೀಡನ್ನಿನಿಂದ ಬೇರೆಯಾದ ಆ ಹೊಸ ದೇಶಕ್ಕೆ ಗಾಬರಿಯಾಯಿತು. ಮರುವರ್ಷವೇ ಸಂಸತ್ತು ತರಾತುರಿಯಲ್ಲಿ ಒಂದು ತಡೆ ಕಾನೂನು ತಂದಿತು. ಯೋಹಾನ್ ಕಾಸ್ಟ್‌ಬರ್ಗ್, ಗುನ್ನಾರ್ ಕ್ನುಡ್ಸೆನ್ ಮುಂತಾದ ರಾಜಕಾರಣಿಗಳ ಒತ್ತಾಸೆಯಿಂದ 1909 ಮತ್ತು 1917ರಲ್ಲಿ ಬಂದ ಕಾನೂನುಗಳು ಇಂದಿಗೂ ಆ ದೇಶದ ಇಂಧನ ನೀತಿಯ ಬೆನ್ನೆಲುಬು. ಖಾಸಗಿಯವರು ವಿದ್ಯುದಾಗಾರ ಕಟ್ಟಬಹುದು, ಆದರೆ ಪರವಾನಗಿಯ ಅವಧಿ ಮುಗಿದ ಮೇಲೆ ಜಲಪಾತವೂ ಅಣೆಕಟ್ಟೂ ಯಂತ್ರಗಳೂ ಪುಕ್ಕಟೆಯಾಗಿ ಸರ್ಕಾರದ ಪಾಲಾಗಬೇಕು. ಆ ಅವಧಿ ಹಲವು ದಶಕಗಳಷ್ಟು ಇರುತ್ತಿತ್ತು. ಈಗಿನ ನಿಯಮ ಇನ್ನೂ ಬಿಗಿ. ದೊಡ್ಡ ಜಲವಿದ್ಯುತ್ ಕಂಪನಿಗಳಲ್ಲಿ ಕನಿಷ್ಠ ಮೂರನೇ ಎರಡು ಪಾಲು ಸಾರ್ವಜನಿಕ ಒಡೆತನ ಇರಲೇಬೇಕು.

ಊರಿನ ದೃಷ್ಟಿಯಿಂದ ಮುಖ್ಯವಾದದ್ದು ಬೇರೆ ಷರತ್ತು. ಯಾವ ಊರಿನ ನೀರಿನಿಂದ ವಿದ್ಯುತ್ ಆಯಿತೋ ಆ ಊರಿನ ಆಡಳಿತಕ್ಕೆ ಉತ್ಪಾದನೆಯ ಹತ್ತನೇ ಒಂದು ಭಾಗದವರೆಗೆ, ಉತ್ಪಾದನಾ ವೆಚ್ಚಕ್ಕೆ ಹತ್ತಿರದ ದರದಲ್ಲಿ ಕೊಡಬೇಕು. ಊರು ಅದನ್ನು ಮಾರುಕಟ್ಟೆಯಲ್ಲಿ ಮಾರಿದರೆ ಸಿಗುವ ಅಂತರ ಊರಿನ ಬೊಕ್ಕಸಕ್ಕೆ. ಅದರ ಮೇಲೆ ಪರವಾನಗಿ ಶುಲ್ಕ, ಆಸ್ತಿ ತೆರಿಗೆ, ಸಂಪನ್ಮೂಲ ತೆರಿಗೆ. ಈ ಕೊನೆಯದರಲ್ಲಿ ಊರಿನ ಪಾಲು ಯೂನಿಟ್ಟಿಗೆ 1.1 ಓರೆ, ಅಂದರೆ ಅಲ್ಲಿನ ನಾಣ್ಯವಾದ ಕ್ರೋನರ್‌ನ ನೂರನೇ ಒಂದು ಭಾಗಕ್ಕಿಂತ ತುಸು ಹೆಚ್ಚು. ಕೇಳಲು ಚಿಲ್ಲರೆ. ಆದರೆ ವರ್ಷಕ್ಕೆ 200 ಕೋಟಿ ಯೂನಿಟ್ ಉತ್ಪಾದಿಸುವ ಸ್ಥಾವರ ಒಂದಿದ್ದರೆ ಅದೊಂದರಿಂದಲೇ 2.2 ಕೋಟಿ ಕ್ರೋನರ್. ಏಳು ವರ್ಷಗಳ ಸರಾಸರಿ ಉತ್ಪಾದನೆಯ ಮೇಲೆ ಲೆಕ್ಕ ಹಾಕುವುದರಿಂದ ಒಂದು ವರ್ಷ ಮಳೆ ಹಿಮ ಕೈಕೊಟ್ಟರೂ ಊರಿನ ಶಾಲೆ, ವೃದ್ಧಾಶ್ರಮದ ಬಜೆಟ್ ಅಲುಗಾಡುವುದಿಲ್ಲ.

ಔರ್ಲಾಂಡಿನಲ್ಲಿ ಈ ಅಧ್ಯಾಯ ತಡವಾಗಿ ತೆರೆಯಿತು. ರಾಜಧಾನಿ ಓಸ್ಲೋ ನಗರದ ವಿದ್ಯುತ್ ಸಂಸ್ಥೆ ಇಲ್ಲಿನ ಕಣಿವೆಯ ನೀರನ್ನು ತಿರುಗಿಸಲು ಯೋಜಿಸಿದಾಗ 1960ರ ದಶಕದಲ್ಲಿ ಪರಿಸರವಾದಿಗಳ ದೊಡ್ಡ ವಿರೋಧ ಎದ್ದಿತು. 1969ರಲ್ಲಿ ಅನುಮತಿ ಸಿಕ್ಕಿತು. ನೆಲದಡಿಯ ಔರ್ಲಾಂಡ್-1 ವಿದ್ಯುದಾಗಾರ 1973ರಲ್ಲಿ ಶುರುವಾಯಿತು. ಇಂದು ಅದರ ಸಾಮರ್ಥ್ಯ 840 ಮೆಗಾವಾಟ್. ಆ ಕಣಿವೆಯಲ್ಲಿ ಎಸ್ಟರ್‌ಬೋದಿಂದ ವಾಸ್‌ಬಿಗ್ಡಿಯವರೆಗಿನ ಹಳೆಯ ಕಾಲುದಾರಿ ಚಾರಣಿಗರಿಗೆ ಉಳಿದುಕೊಂಡಿತು, ಹೊಳೆಯ ನೀರು ಮಾತ್ರ ಬಹಳಷ್ಟು ಕಡಿಮೆಯಾಯಿತು. ಈ ನಷ್ಟವನ್ನು ಹಗುರವಾಗಿ ಕಾಣುವಂತಿಲ್ಲ. ಆದರೆ ನೀರು ಕಳೆದುಕೊಂಡ ಊರಿಗೆ ಪ್ರತಿ ವರ್ಷ, ತಲೆಮಾರುಗಳವರೆಗೆ ಪಾಲು ಬರುವಂತೆ ಕಾನೂನು ಮೊದಲೇ ಮಾಡಿಟ್ಟಿತ್ತು. ಒಮ್ಮೆ ಪರಿಹಾರ ಎಣಿಸಿ ಕೊಟ್ಟು ಕೈತೊಳೆದುಕೊಳ್ಳುವ ಪದ್ಧತಿಗೂ ಇದಕ್ಕೂ ಅಜಗಜಾಂತರ.

ಸೋಗ್ನೆಫಿಯೋರ್ಡಿನ ಇನ್ನೊಂದು ಕವಲಿನ ತುದಿಯಲ್ಲಿ ಓರ್ದಾಲ್ ಇದೆ. ಅಲ್ಲಿ ವಿದ್ಯುತ್ತನ್ನು ಹೊರಗೆ ಕಳಿಸುವ ಬದಲು ಕಾರ್ಖಾನೆಯನ್ನೇ ಒಳಗೆ ತಂದರು. ಎರಡನೆಯ ಮಹಾಯುದ್ಧದ ವೇಳೆ ಜರ್ಮನರು ಅರ್ಧ ಕಟ್ಟಿದ್ದನ್ನು ಸರ್ಕಾರ ಮುಂದುವರಿಸಿತು. 1948ರಲ್ಲಿ ಅಲ್ಯೂಮಿನಿಯಂ ಉತ್ಪಾದನೆ ಶುರುವಾಯಿತು. ದೇಶದಲ್ಲಿ ಅದಿರೇ ಇಲ್ಲ. ಫಿಯೋರ್ಡ್ ಅಷ್ಟು ಆಳವಿರುವುದರಿಂದ ಕಚ್ಚಾವಸ್ತು ಹೊತ್ತ ಸಾಗರದ ಹಡಗು ಬೆಟ್ಟಗಳ ನಡುವಿನ ಆ ಊರಿನವರೆಗೂ ಬರಬಲ್ಲದು. ಕೆಲಸ ಬಂತು, ಸಂಬಳ ಬಂತು. ಜೊತೆಗೆ ಕಾರ್ಖಾನೆಯ ಫ್ಲೋರೈಡ್ ಹೊಗೆಯೂ ಬಂದು ಕಾಡು ಒಣಗಿತು, ದನಕರುಗಳ ಹಲ್ಲು, ಮೂಳೆ ಹಾಳಾದವು. ಹೊಗೆ ಶುದ್ಧೀಕರಿಸುವ ವ್ಯವಸ್ಥೆ ಸುಧಾರಿಸಲು ದಶಕಗಳೇ ಹಿಡಿದವು.

ರೈಲು, ಸುರಂಗ, ಹಡಗು

ಹೊರಗಿನವರು ಇಲ್ಲಿಗೆ ಬರುವುದು ಹೊಸದಲ್ಲ. ಓಸ್ಲೋ ಮತ್ತು ಬರ್ಗನ್ ನಡುವಿನ ರಾಜ ಅಂಚೆಯ ದಾರಿ 1647ರಿಂದಲೂ ನೇರೋಯ್‌ಫಿಯೋರ್ಡಿನ ಮೂಲಕವೇ ಸಾಗುತ್ತಿತ್ತು. ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲೆಂಡಿನ ಸಿರಿವಂತರು ಸಾಲ್ಮನ್ ಮೀನು ಹಿಡಿಯಲು ಫ್ಲೋಮ್, ಲೇರ್ದಾಲ್ ಹೊಳೆಗಳಿಗೆ ಬಂದರು. ಇಲ್ಲಿಂದ ಹೊರಗೆ ಹೋಗಿ ಬಂದವರೂ ಇದ್ದರು: ಅಮೆರಿಕದಲ್ಲಿ ಚಪ್ಪಲಿ ಹೊಲಿಯುವುದನ್ನು ಕಲಿತು ಮರಳಿದ ನಿಲ್ಸ್ ತ್ವೆರಾಂಗರ್ ಎಂಬ ಔರ್ಲಾಂಡಿನವ ಲೇಸ್ ಇಲ್ಲದ ಚರ್ಮದ ಷೂ ಮಾಡಿದ. ಅಮೆರಿಕದಲ್ಲಿ 1936ರಿಂದ ಜನಪ್ರಿಯವಾದ ಲೋಫರ್ ಷೂಗಳ ಮೂಲ ಅಲ್ಲಿದೆ. ಔರ್ಲಾಂಡಿನಲ್ಲಿ ಇಂದಿಗೂ ಅದನ್ನು ಕೈಯಲ್ಲಿ ಹೊಲಿಯುವ ಸಣ್ಣ ಕಾರ್ಖಾನೆ ಇದೆ.

ಫ್ಲೋಮ್ ರೈಲು ಮಾರ್ಗದ ಕಾಮಗಾರಿ ಶುರುವಾದದ್ದು 1920ರ ದಶಕದಲ್ಲಿ. ಫಿಯೋರ್ಡಿನ ದಡದಿಂದ ಓಸ್ಲೋ–ಬರ್ಗನ್ ಮುಖ್ಯ ಮಾರ್ಗದ ಮೀರ್ದಾಲ್ ನಿಲ್ದಾಣದವರೆಗೆ ಇಪ್ಪತ್ತು ಕಿಲೋಮೀಟರಿನಲ್ಲಿ ಅದು ಸುಮಾರು 865 ಮೀಟರ್ ಏರುತ್ತದೆ. ಇಪ್ಪತ್ತು ಸುರಂಗಗಳಲ್ಲಿ ಹದಿನೆಂಟನ್ನು ಕೂಲಿಕಾರರು ಕೈಯಿಂದಲೇ ಕೊರೆದರು. ಒಂದು ಮೀಟರ್ ಮುಂದೆ ಹೋಗಲು ಒಬ್ಬನ ಒಂದು ತಿಂಗಳ ದುಡಿಮೆ ಬೇಕಾಗುತ್ತಿತ್ತು. ಹಳಿ ಕಣಿವೆಯ ಹೊಳೆಯನ್ನು ಮೂರು ಕಡೆ ದಾಟುತ್ತದೆ, ಆದರೆ ಒಂದೂ ಸೇತುವೆ ಇಲ್ಲ. ಹಳಿಯ ಕೆಳಗೆ ಬಂಡೆ ಕೊರೆದು ಹೊಳೆಯನ್ನೇ ಸುರಂಗದೊಳಗೆ ಹರಿಸಿದ್ದಾರೆ. ಹಿಮಕುಸಿತ ಎಲ್ಲಿ ಬೀಳುತ್ತದೆ ಎಂದು ಬಲ್ಲವರು ಹಳಿಯ ದಾರಿಯನ್ನು ಕಣಿವೆಯ ಎಡಕ್ಕೂ ಬಲಕ್ಕೂ ತಿರುಗಿಸುತ್ತ ಹೋದದ್ದರ ಫಲ ಅದು. ಜರ್ಮನರ ಆಕ್ರಮಣದ ನಡುವೆಯೇ 1940ರ ಆಗಸ್ಟಿನಲ್ಲಿ ಸರಕು ಸಾಗಣೆ ಶುರುವಾಯಿತು.

ರಸ್ತೆ ಬಂದ ಮೇಲೆ ಈ ರೈಲಿಗೆ ಕುತ್ತು ಬಂತು. 1991ರಲ್ಲಿ 11 ಕಿಲೋಮೀಟರಿನ ಗುಡ್‌ವಾಂಗೆನ್ ಸುರಂಗ, 2000ದ ನವೆಂಬರಿನಲ್ಲಿ 24.5 ಕಿಲೋಮೀಟರಿನ ಲೇರ್ದಾಲ್ ಸುರಂಗ ತೆರೆದವು. ಎರಡನೆಯದು ಜಗತ್ತಿನ ಅತಿ ಉದ್ದದ ರಸ್ತೆ ಸುರಂಗ. ಇಪ್ಪತ್ತು ನಿಮಿಷ ಒಂದೇ ಸಮನೆ ಕತ್ತಲಲ್ಲಿ ಓಡಿಸುವವರಿಗೆ ಮಂಪರು ಹತ್ತದಿರಲೆಂದು ಆರಾರು ಕಿಲೋಮೀಟರಿಗೆ ಒಂದು ನೀಲಿ ಬೆಳಕಿನ ಗುಹೆ ಮಾಡಿದ್ದಾರೆ. ಟೋಲ್ ಇಲ್ಲ. ಹಿಮದಿಂದ ಚಳಿಗಾಲವಿಡೀ ಮುಚ್ಚುತ್ತಿದ್ದ ಬೆಟ್ಟದ ರಸ್ತೆಯನ್ನೂ ದೋಣಿಯನ್ನೂ ನಂಬಿಕೊಂಡಿದ್ದವರಿಗೆ ಆಸ್ಪತ್ರೆ, ಕಾಲೇಜು ಹತ್ತಿರವಾದವು. ಸುರಂಗಕ್ಕೂ ಅದರದೇ ಅಪಾಯವಿದೆ. 2013ರಲ್ಲಿ ಗುಡ್‌ವಾಂಗೆನ್ ಸುರಂಗದಲ್ಲಿ ಲಾರಿಗೆ ಬೆಂಕಿ ಬಿದ್ದು ಹತ್ತಾರು ಜನ ಹೊಗೆಯಲ್ಲಿ ಸಿಕ್ಕಿಬಿದ್ದರು, 2015ರಲ್ಲಿ ಬಸ್ಸೊಂದು ಹೊತ್ತಿ ಉರಿಯಿತು.

ಸ್ಥಳೀಯರಿಗೆ ಬೇಡವಾದ ರೈಲನ್ನು ಮುಚ್ಚುವ ಮಾತು ತೊಂಬತ್ತರ ದಶಕದಲ್ಲಿ ಎದ್ದಾಗ ಊರು ಅದನ್ನು ಪ್ರವಾಸಿಗಳ ರೈಲಾಗಿಸಿ ಉಳಿಸಿಕೊಂಡಿತು. 2005ರಲ್ಲಿ ನೇರೋಯ್‌ಫಿಯೋರ್ಡ್ ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿ ಸೇರಿತು. ಕೋವಿಡ್‌ಗೆ ಮೊದಲಿನ ವರ್ಷಗಳಲ್ಲಿ ರೈಲಿನ ಪ್ರಯಾಣಿಕರ ಸಂಖ್ಯೆ ವರ್ಷಕ್ಕೆ ಹತ್ತು ಲಕ್ಷದ ಸಮೀಪ ಬಂದಿತ್ತು. ಕೆಲವೇ ನೂರು ಜನರ ಫ್ಲೋಮ್‌ಗೆ ವರ್ಷದಲ್ಲಿ ನೂರಕ್ಕೂ ಹೆಚ್ಚು ಬಾರಿ ಕ್ರೂಸ್ ಹಡಗುಗಳು ಬರತೊಡಗಿದವು. ದೊಡ್ಡ ಹಡಗೊಂದು ನಿಂತರೆ ಬೆಳಿಗ್ಗೆಯಿಂದ ಸಂಜೆಯೊಳಗೆ ಊರಿನ ಜನಸಂಖ್ಯೆಯ ಹತ್ತು ಪಟ್ಟು ಜನ ಇಳಿದು ಹತ್ತುತ್ತಾರೆ. ಅವರ ಊಟ, ನಿದ್ದೆ ಹಡಗಿನಲ್ಲೇ. ಊರಿನಲ್ಲಿ ಖರ್ಚು ಮಾಡುವುದು ರೈಲಿನ ಟಿಕೆಟ್, ಒಂದು ಕಾಫಿ, ಒಂದು ಉಣ್ಣೆ ಟೋಪಿ. ಬೆಟ್ಟಗಳ ನಡುವೆ ಗಾಳಿ ಆಡದ ದಿನ ಹಡಗಿನ ಹೊಗೆ ಚದುರದೆ ನೀಲಿ ಪದರವಾಗಿ ತೂಗಾಡುತ್ತದೆ. ಹಾಗೆಂದು ಹಡಗು ಬೇಡವೆನ್ನುವುದು ಸುಲಭವಲ್ಲ. ಆಡು ಸಾಕುವ ಮನೆಯ ಮಗಳೇ ಬೇಸಿಗೆಯಲ್ಲಿ ಬಂದರಿನಲ್ಲೋ ರೈಲಿನಲ್ಲೋ ಕೆಲಸಕ್ಕಿರುವ ಊರುಗಳು ಇವು.

2018ರಲ್ಲಿ ನಾರ್ವೆಯ ಸಂಸತ್ತು ವಿಶ್ವಪರಂಪರೆಯ ಫಿಯೋರ್ಡುಗಳಲ್ಲಿ 2026ರೊಳಗೆ ಹೊಗೆ ಬಿಡದ ಹಡಗುಗಳಿಗೆ ಮಾತ್ರ ಪ್ರವೇಶ ಎಂದು ನಿರ್ಣಯಿಸಿತು. ಅದೇ ವರ್ಷ ಫ್ಲೋಮ್–ಗುಡ್‌ವಾಂಗೆನ್ ನಡುವೆ 'ಫ್ಯೂಚರ್ ಆಫ್ ದ ಫಿಯೋರ್ಡ್ಸ್' ಎಂಬ ಪೂರ್ತಿ ಬ್ಯಾಟರಿಯ ಪ್ರವಾಸಿ ದೋಣಿ ಓಡತೊಡಗಿತು. ಅದಕ್ಕೂ ಮೊದಲೇ, 2015ರಲ್ಲಿ, ಇದೇ ಸೋಗ್ನೆಫಿಯೋರ್ಡಿನ ಲಾವಿಕ್–ಒಪ್ಪೆದಾಲ್ ದಾರಿಯಲ್ಲಿ ಜಗತ್ತಿನ ಮೊದಲ ಬ್ಯಾಟರಿ ಕಾರ್ ಫೆರಿ 'ಆಂಪಿಯರ್' ಸಂಚಾರ ಶುರುಮಾಡಿತ್ತು. ಸಣ್ಣ ಹಡಗಿಗೆ ಆದದ್ದು ದೊಡ್ಡದಕ್ಕೆ ಆಗಲಿಲ್ಲ. ಹತ್ತು ಸಾವಿರ ಟನ್ನೇಜ್ ಮೀರಿದ ಹಡಗುಗಳಿಗೆ ಗಡುವನ್ನು 2032ಕ್ಕೆ ಮುಂದೂಡಿದರು. ಹೊಗೆ ಹೆಚ್ಚು ಉಗುಳುವವರಿಗೇ ಹೆಚ್ಚು ಸಮಯ ಸಿಕ್ಕಿದ್ದು ನನಗೆ ಸರಿಕಾಣುವುದಿಲ್ಲ. ಜನದಟ್ಟಣೆಯ ಊರುಗಳು ಪ್ರವಾಸಿಗಳಿಂದ ತಂಗುವ ಬೆಲೆಯ ಮೇಲೆ ಶೇಕಡ 3ರವರೆಗೆ ಶುಲ್ಕ ವಸೂಲಿ ಮಾಡಲು 2025ರಲ್ಲಿ ಇನ್ನೊಂದು ಕಾನೂನು ಅವಕಾಶ ಕೊಟ್ಟಿದೆ. ಶೌಚಾಲಯ, ಕಾಲುದಾರಿ, ಕಸದ ಖರ್ಚಿಗೆ ಆ ಹಣ.

ಬಂದರಿನವರ ವಾದಕ್ಕೂ ಕಿವಿಗೊಡಬೇಕು. ದೊಡ್ಡ ಹಡಗು ಫ್ಲೋಮ್‌ಗೆ ಬರದಿದ್ದರೆ ನಿಯಮವಿಲ್ಲದ ಹೊರ ಫಿಯೋರ್ಡಿನ ಬಂದರಿನಲ್ಲಿ ನಿಲ್ಲುತ್ತದೆ. ಪ್ರಯಾಣಿಕರನ್ನು ಅಲ್ಲಿಂದ ಬಸ್ಸುಗಳಲ್ಲಿ ತುಂಬಿ ಇಲ್ಲಿಗೇ ಕರೆತರುತ್ತಾರೆ. ಆಗ ಆ ಹೊರೆಯೆಲ್ಲ ಬೀಳುವುದು ಎರಡೇ ಸಾಲಿನ ರಸ್ತೆಯ ಮೇಲೆ, ಲಾರಿಗಳು ಓಡಾಡುವ, ಈಗಾಗಲೇ ಬೆಂಕಿ ಕಂಡಿರುವ ಸುರಂಗದ ಮೇಲೆ. ಹಾಗಾಗಿ 2032ರ ಗಡುವಿನ ಜೊತೆಗೆ ಬಂದರಿನಲ್ಲಿ ಹಡಗಿಗೆ ವಿದ್ಯುತ್ ಕೊಡುವ ತಂತಿ, ದಿನಕ್ಕೆ ಇಂತಿಷ್ಟೇ ಪ್ರಯಾಣಿಕರು ಎಂಬ ಮಿತಿ, ಬಸ್ಸುಗಳ ಸಂಖ್ಯೆಗೆ ಕಡಿವಾಣ ಮೂರೂ ಒಟ್ಟಿಗೇ ಬರಬೇಕು. ವಿದ್ಯುತ್ತಿಗಂತೂ ಅಲ್ಲಿ ಕೊರತೆಯಿಲ್ಲ. ಅದು ಹುಟ್ಟುವುದು ಬಂದರಿನಿಂದ ಕೆಲವೇ ಕಿಲೋಮೀಟರ್ ದೂರದ ಬೆಟ್ಟದೊಳಗೆ.